ನಾಲ್ಕನೇ ನಂಬರ್ ಪೊಟ್ಟಣ

"ತಳದಲ್ಲಿ ಇನ್ನೂ ಇದೆ," ಎಂದರು ಅತ್ತೆ, ಡಬ್ಬಿಯೊಳಗೆ ಇಣುಕಿ ನೋಡಿ.

"ನಾಲ್ಕೇ ಚಮಚ ಅತ್ತೆ."

"ನಾಲ್ಕೂ ತಿನ್ನು. ಬೆಟ್ಟದ ಮೇಲೆ ಚೆಲ್ಲೋಕೆ ಜಾಗ ಇಲ್ಲ."

ಚೂಟಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಮಡಿಲಲ್ಲಿತ್ತು. ಡಬ್ಬಿಯಲ್ಲಿ ನೂಡಲ್ಸ್. ಅದು ಒಲೆಯ ಮುಖವನ್ನೇ ನೋಡಿರಲಿಲ್ಲ. ಬರೀ ತಣ್ಣೀರಿನಲ್ಲಿ ಎರಡು ಗಂಟೆ ನೆನೆದು ಮೆತ್ತಗಾಗಿತ್ತು. ಅದರ ಜೊತೆ ಒಣಗಿಸಿದ ಕ್ಯಾರೆಟ್ ತುರಿ, ಅತ್ತೆ ಮೊದಲೇ ಒಣಗಿಸಿಟ್ಟಿದ್ದ ಒಂದು ಹಿಡಿ ಬಟಾಣಿ, ಕಡಲೆಕಾಯಿ ಪುಡಿ, ಉಪ್ಪು, ಒಂದು ಚಿಟಿಕೆ ಖಾರ, ನಾಲ್ಕು ಹನಿ ನಿಂಬೆರಸ. ಈ ಊಟ ಚೂಟಿಯ ಸ್ವಂತ ತಲೆಯಿಂದ ಬಂದದ್ದು.

ಅವಳು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಉಳಿದದ್ದನ್ನು ನುಂಗಿದಳು. ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿದಳು.

"ಪಾಸಾ?"

"ಪಾಸ್," ಎಂದರು ಅತ್ತೆ. "ನಾನು ತಿಂದ ಎರಡು ಚಮಚವೂ ಚೆನ್ನಾಗಿತ್ತು. ಬಟಾಣಿ ಬೆಣ್ಣೆ ಥರ ಇದೆ. ನನ್ನ ಹಲ್ಲಿಗೂ ನಡೆಯುತ್ತೆ."

ಅತ್ತೆಯ ಎಡಗಡೆಯ ದವಡೆ ಹಲ್ಲಿಗೆ ಹೋದ ತಿಂಗಳು ಹೊಸ ಕ್ಯಾಪ್ ಹಾಕಿಸಿದ್ದರು. ಗಟ್ಟಿಯಾದದ್ದನ್ನು ಕಚ್ಚಿದರೆ ಕಿತ್ತು ಬರಬಹುದು ಎಂದು ಹಲ್ಲಿನ ಡಾಕ್ಟರು ಎಚ್ಚರಿಸಿದ್ದರು. ಅಂದಿನಿಂದ ಅತ್ತೆ ಏನು ತಿಂದರೂ ಬಲಗಡೆಯಿಂದಲೇ ಅಗಿಯುತ್ತಿದ್ದರು. ಅನ್ನವನ್ನೂ ಅಷ್ಟೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಮನೆಯ ಕೆಳಗಿನ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುವವರು. ವರ್ಷಕ್ಕೊಮ್ಮೆ ಅಂಗಡಿಗೆ ಮೂರು ದಿನ ಬೀಗ ಹಾಕಿ, ಬೆನ್ನಿಗೆ ದೊಡ್ಡ ಚೀಲ ಏರಿಸಿ, ಬೆಟ್ಟಕ್ಕೆ ಹೊರಟುಬಿಡುತ್ತಿದ್ದರು. ಬೇಸಿಗೆಯಲ್ಲಿ ಅಲ್ಲಿನ ಕಾಡು ಒಣಗಿ ನಿಂತಿರುತ್ತದೆ. ಬೆಂಕಿಕಡ್ಡಿ ಕೂಡ ಒಯ್ಯುವಂತಿಲ್ಲ, ಸ್ಟವ್ ಮಾತಂತೂ ದೂರ. ಆದ್ದರಿಂದ ಊಟವೆಲ್ಲ ಒಣ ಪೊಟ್ಟಣಗಳಲ್ಲಿ ಹೋಗುತ್ತಿತ್ತು. ಅಲ್ಲಿ ಡಬ್ಬಿಗೆ ಸುರಿದು, ತಣ್ಣೀರು ಹಾಕಿ, ಕಾದು ಕೂತು ತಿನ್ನುವುದು.

ಇದಕ್ಕೆಲ್ಲ ಅತ್ತೆಯದು ಒಂದೇ ನಿಯಮ. ಮನೆಯ ಮೆಟ್ಟಿಲ ಮೇಲೆ ಕೂತು ತಿಂದು ಖಾಲಿ ಮಾಡಿದ ಊಟ ಮಾತ್ರ ಚೀಲ ಸೇರಬೇಕು. ಬ್ರೇಕ್ ಹಿಡಿದು ನೋಡದೆ ಅತ್ತೆ ಯಾರ ಸೈಕಲ್ಲನ್ನೂ ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಇದೂ ಹಾಗೆಯೇ.

ಈ ವರ್ಷ ಚೂಟಿಗೆ ಹತ್ತು ತುಂಬಿತ್ತು. ಮೊದಲ ಸಲ ಅವಳನ್ನೂ ಕರೆದುಕೊಂಡು ಹೋಗಲು ಅತ್ತೆ ಒಪ್ಪಿದ್ದರು, ಆದರೆ ಒಂದು ಷರತ್ತಿನ ಮೇಲೆ. ಒಟ್ಟು ಐದು ಊಟಗಳಲ್ಲಿ ಒಂದು ಚೂಟಿಯದು. ನಾಲ್ಕನೇ ನಂಬರ್ ಪೊಟ್ಟಣ. ಎರಡನೇ ದಿನದ ಸಂಜೆಗೆ, ಇಬ್ಬರಿಗೂ.

"ನೋಡು ಮರೀ," ಎಂದರು ಅತ್ತೆ, ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ. "ಈಗ ತಿಂದೆವಲ್ಲ, ಅದೇ ಚೀಲಕ್ಕೆ ಬರ್ಬೇಕು. ಬಟಾಣಿ ಬೇಯಿಸಿ, ಬಟ್ಟೆ ಮೇಲೆ ಹರಡಿ, ಎರಡು ದಿನ ಬಿಸಿಲಲ್ಲಿ ಒಣಗಿಸು. ಬಲೆ ಮುಚ್ಚೋದು ಮರೀಬೇಡ."

"ಬೇಯಿಸಿ ಮತ್ತೆ ಒಣಗಿಸೋದು ಯಾಕೆ? ಅಂಗಡಿ ಬಟಾಣಿ ಒಣಗೇ ಇರುತ್ತಲ್ಲ."

"ಒಂದು ಸಲ ಬೆಂದಿದ್ದು ಎಷ್ಟು ಒಣಗಿದ್ರೂ ತಣ್ಣೀರು ಬಿದ್ದರೆ ಮೆತ್ತಗಾಗುತ್ತೆ. ಬೇಯದೇ ಇದ್ದದ್ದಕ್ಕೆ ಬೆಂಕಿನೇ ಬೇಕು. ಅಲ್ಲಿ ಬೆಂಕಿ ಎಲ್ಲಿಂದ ತರ್ತೀಯ?"

"ಮಾಡ್ತೀನಿ ಬಿಡಿ ಅತ್ತೆ. ನೀವು ಸೈಕಲ್ ನೋಡ್ಕೊಳ್ಳಿ," ಎಂದಳು ಚೂಟಿ.

"ಬಾಯಿ ಮಾತ್ರ ಅರ್ಧ ಬೆಟ್ಟ ಹತ್ತಿ ಆಗಿದೆ," ಎಂದು ಅತ್ತೆ ಅಂಗಡಿಗೆ ಇಳಿದರು.

ಬುಧವಾರ ಬೆಳಿಗ್ಗೆ ಅಮ್ಮ ಬಟಾಣಿ ಬೇಯಿಸಿಕೊಟ್ಟಳು. ಚೂಟಿ ಅದನ್ನು ತಾರಸಿಯ ಮೇಲೆ ಬಿಳಿ ಬಟ್ಟೆಯಲ್ಲಿ ಹರಡಿ, ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡು ಮುಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಳು. ಗಂಟೆಗೊಮ್ಮೆ ಹತ್ತಿ ಹೋಗಿ ಬಟಾಣಿಯನ್ನು ಕೈಯಾಡಿಸಿ ಬಂದಳು. ಸಂಜೆಯ ಹೊತ್ತಿಗೆ ಕಾಳುಗಳು ಅರ್ಧ ಸುಕ್ಕಾಗಿದ್ದವು. ಹಗುರವಾಗಿದ್ದವು.

ಗುರುವಾರ ಮಧ್ಯಾಹ್ನ ಅವಳು ಬಲೆ ಸರಿಸಿ ಕೈಯಾಡಿಸುತ್ತಿರುವಾಗ ಕೆಳಗಿನ ಬೀದಿಯಿಂದ ಕೂಗು ಬಂತು.

"ಚೂಟೀ, ನಿನ್ನ ಬ್ಯಾಟಿಂಗ್. ಬರ್ತೀಯೋ, ಇಲ್ಲ ಔಟ್ ಅಂತ ಬರ್ಕೊಳ್ಳೋಣ್ವೋ?"

ಆಡದೆಯೇ ಔಟಾಗುವುದೆಂದರೇನು? ಅವಳು ದಡದಡ ಇಳಿದು ಓಡಿದಳು. ಎರಡು ಫೋರ್ ಹೊಡೆದಳು. ಮೂರನೇ ಬಾಲ್ ಚರಂಡಿಗೆ ಬಿತ್ತು, ಅದನ್ನು ಕೋಲಿನಿಂದ ಎತ್ತುವಷ್ಟರಲ್ಲಿ ಬಹಳ ಹೊತ್ತಾಯಿತು.

ಬಲೆ ನೆನಪಾದದ್ದು ಆಮೇಲೆ.

ತಾರಸಿಯ ಮೇಲೆ ಹದಿನೈದು ಇಪ್ಪತ್ತು ಪಾರಿವಾಳಗಳು ಸೇರಿದ್ದವು. ಚೂಟಿ ಚಪ್ಪಾಳೆ ತಟ್ಟಿ ಓಡಿಸಿದಳು. ಬಟ್ಟೆಯ ಮೇಲೆ ಹನ್ನೊಂದು ಕಾಳು ಉಳಿದಿತ್ತು, ಜೊತೆಗೆ ಪಾರಿವಾಳಗಳು ಬಿಟ್ಟುಹೋದ ಉಡುಗೊರೆ ಬೇರೆ.

ಶನಿವಾರ ಬೆಳಿಗ್ಗೆ ಹೊರಡಬೇಕು. ಇನ್ನೊಮ್ಮೆ ಬೇಯಿಸಿ ಎರಡು ದಿನ ಒಣಗಿಸಲು ಸಮಯವೆಲ್ಲಿದೆ? ಅತ್ತೆಗೆ ಹೇಳಿದರೆ ಅವರು ಏನು ಹೇಳುತ್ತಾರೆಂದು ಚೂಟಿಗೆ ಕೇಳಿದಷ್ಟೇ ಸ್ಪಷ್ಟವಾಗಿತ್ತು. 'ಒಂದು ಬಲೆ ಮುಚ್ಚೋಕೆ ಆಗದವಳು ಬೆಟ್ಟ ಏನು ಹತ್ತುತ್ತೀಯ? ಬರೋ ವರ್ಷ ನೋಡೋಣ.'

ಬರುವ ವರ್ಷ ಎಂದರೆ ಎಷ್ಟು ದೂರ. ಕ್ಲಾಸಿನಲ್ಲಿ ಎಲ್ಲರಿಗೂ ಆಗಲೇ ಹೇಳಿಯಾಗಿತ್ತು.

ಅವಳು ಬಟ್ಟೆ ಕೊಡವಿ, ತೊಳೆದು, ಅಡುಗೆಮನೆಗೆ ಹೋದಳು. ಡಬ್ಬದಲ್ಲಿ ಅಂಗಡಿಯಿಂದ ತಂದ ಒಣ ಬಟಾಣಿ ಇತ್ತು. ಅದೂ ಹಸಿರು. ಅದೂ ಸ್ವಲ್ಪ ಸುಕ್ಕು. ಎರಡು ಗಂಟೆಯ ಬದಲು ನಾಲ್ಕು ಗಂಟೆ ನೆನೆಸಿದರೆ ಏನಾದೀತು ಎಂದುಕೊಂಡು ಚೂಟಿ ಅರ್ಧ ಲೋಟ ಅಳೆದು ಪೊಟ್ಟಣಕ್ಕೆ ಹಾಕಿದಳು. ಮೇಲೆ ನೂಡಲ್ಸ್ ಪುಡಿ ಮಾಡಿ ತುಂಬಿ, ಕ್ಯಾರೆಟ್ ತುರಿ ಉದುರಿಸಿ, ಜಿಪ್ ಎಳೆದಳು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು.

ಶುಕ್ರವಾರ ಸಂಜೆ ಅತ್ತೆ ಐದೂ ಪೊಟ್ಟಣಗಳನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ತೂಗಿದರು. ನಾಲ್ಕನೆಯದನ್ನು ಎರಡು ಸಲ ತೂಗಿದರು.

"ನಾನು ಅಂದುಕೊಂಡದ್ದಕ್ಕಿಂತ ಭಾರ ಇದೆಯಲ್ಲ?"

"ಕಡಲೆಕಾಯಿ ಪುಡಿ ಸ್ವಲ್ಪ ಜಾಸ್ತಿ ಹಾಕಿದೆ," ಎಂದಳು ಚೂಟಿ.

ಅವಳ ಎರಡೂ ಕಿವಿ ಬಿಸಿಯಾದವು. ಅತ್ತೆ ತಲೆಯಾಡಿಸಿ, ಪೊಟ್ಟಣದ ಮೇಲೆ ತೂಕ ಬರೆದು, ಚೀಲಕ್ಕೆ ಹಾಕಿದರು. ಅವರು ಇನ್ನೊಂದು ಮಾತು ಕೇಳಿದ್ದರೆ ಚೂಟಿ ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಅವರು ಕೇಳಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ಗೇಟು. ಅಲ್ಲಿನ ಕಾವಲುಗಾರ ಇಬ್ಬರ ಚೀಲವನ್ನೂ ಬಿಚ್ಚಿಸಿ ನೋಡಿದ.

"ಬೆಂಕಿಪೊಟ್ಟಣ, ಲೈಟರ್, ಸ್ಟವ್?"

"ಯಾವುದೂ ಇಲ್ಲ," ಎಂದರು ಅತ್ತೆ.

"ಮತ್ತೆ ಮೂರು ದಿನ ಈ ಮಗು ಗಾಳಿ ಕುಡಿಯುತ್ತಾ?"

"ನೆನೆಸಿ ತಿಂತೀವಿ," ಎಂದಳು ಚೂಟಿ ಗತ್ತಿನಿಂದ.

"ಒಯ್ದ ಕಸವನ್ನೆಲ್ಲ ವಾಪಸ್ ತರ್ಬೇಕು. ಒಂದು ಕಾಳೂ ಕಾಡಲ್ಲಿ ಬೀಳೋ ಹಾಗಿಲ್ಲ. ಇಳಿಯುವಾಗ ಮತ್ತೆ ಚೆಕ್ ಮಾಡ್ತೀನಿ," ಎಂದ ಕಾವಲುಗಾರ.

ಕಾಳು ಎಂಬ ಮಾತು ಕೇಳಿ ಚೂಟಿಯ ಗತ್ತು ಅರ್ಧಕ್ಕೆ ಇಳಿಯಿತು.

ಮೊದಲ ದಿನ ಏನೂ ತೊಂದರೆಯಾಗಲಿಲ್ಲ. ಚೂಟಿಯ ಕಾಲು ನೋಯಿತು, ಆದರೆ ನೋಯುತ್ತಿದೆ ಎಂದು ಅವಳು ಬಾಯಿ ಬಿಡಲಿಲ್ಲ. ಸಂಜೆ ಒಂದನೇ ನಂಬರಿನ ಆಲೂಗೆಡ್ಡೆ ಪುಡಿ ತಿಂದರು. ಮಲಗುವ ಮುಂಚೆ ಅತ್ತೆ ಎರಡನೇ ನಂಬರಿನ ಓಟ್ಸ್, ಹಾಲಿನ ಪುಡಿ, ಒಣದ್ರಾಕ್ಷಿಗೆ ನೀರು ಹಾಕಿಟ್ಟರು. ಬೆಳಿಗ್ಗೆ ಡಬ್ಬಿ ತೆರೆದಾಗ ದ್ರಾಕ್ಷಿಗಳು ಉಬ್ಬಿ ಗುಂಡಗಾಗಿದ್ದವು. ತಣ್ಣಗಿದ್ದರೂ ಚೂಟಿಗೆ ಅದು ತುಂಬಾ ಇಷ್ಟವಾಯಿತು.

ಎರಡನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರು ಕೊನೆಯ ತೊರೆಯ ಹತ್ತಿರ ಬಂದರು. ಅದನ್ನು ದಾಟಿದರೆ ನಾಳೆ ಬೆಳಿಗ್ಗೆ ಈ ದಾರಿಯಲ್ಲಿ ಇಳಿದು ಬರುವ ತನಕ ಬೇರೆ ನೀರಿಲ್ಲ. ಬಾಟಲಿಗಳನ್ನೆಲ್ಲ ತುಂಬಿಕೊಂಡರು.

"ಈಗಲೇ ನಾಲ್ಕನೇ ನಂಬರಿಗೆ ನೀರು ಹಾಕಲಾ ಅತ್ತೆ?"

"ಈಗಲೇನಾ? ತಿನ್ನೋದು ಆರು ಗಂಟೆಗೆ. ಅಷ್ಟು ಹೊತ್ತು ನೆನೆದರೆ ನೂಡಲ್ಸ್ ಗಂಜಿ ಆಗುತ್ತೆ."

"ಬಟಾಣಿ ಚೆನ್ನಾಗಿ ನೆನೀಲಿ ಅಂತ."

"ನಿನ್ನ ಊಟ, ನಿನ್ನ ಲೆಕ್ಕ," ಎಂದರು ಅತ್ತೆ.

ಚೂಟಿ ಡಬ್ಬಿಗೆ ಎಲ್ಲವನ್ನೂ ಸುರಿದು, ನೀರು ಹಾಕಿ, ಮುಚ್ಚಳ ಬಿಗಿದಳು. ಬೆಂಕಿ ಇಲ್ಲದಿದ್ದರೇನು, ಮೈ ಬೆಚ್ಚಗಿದೆಯಲ್ಲ ಎಂದು ಯೋಚಿಸಿ ಡಬ್ಬಿಯನ್ನು ಜಾಕೆಟ್ಟಿನ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡಳು. ಅದರೊಂದಿಗೆ ಏದುಸಿರು ಬಿಡುತ್ತಾ ಬೆಟ್ಟ ಹತ್ತಿದಳು.

"ಹೊಟ್ಟೆನೋವಾ?" ಎಂದು ಅತ್ತೆ ಕೇಳಿದರು.

"ಇಲ್ಲ. ಚಳಿ."

ಬಿಸಿಲಿಗೆ ಅತ್ತೆಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವರು ಚೂಟಿಯನ್ನು ಒಮ್ಮೆ ನೋಡಿ ಮುಂದೆ ನಡೆದರು.

ನಾಲ್ಕು ಗಂಟೆಗೆ ಅತ್ತೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾಗ ಚೂಟಿ ಮರದ ಹಿಂದೆ ಹೋಗಿ ಮುಚ್ಚಳ ತೆಗೆದು ಒಂದು ಬಟಾಣಿ ಬಾಯಿಗೆ ಹಾಕಿದಳು. ಕಚ್ಚಿದಳು. ಒಳಗೆ ಕಲ್ಲು ಹಾಗೇ ಇತ್ತು. ತನ್ನ ಕುಡಿಯುವ ನೀರಿನಲ್ಲಿ ಅರ್ಧವನ್ನು ಡಬ್ಬಿಗೆ ಸುರಿದಳು. ಐದು ಗಂಟೆಗೆ ಮತ್ತೆ ನೋಡಿದಳು. ಕಾಳು ಉಬ್ಬಿತ್ತು, ಸಿಪ್ಪೆ ಸಡಿಲವಾಗಿತ್ತು, ನಡುವಿನ ಕಲ್ಲು ಮಾತ್ರ ಜಗ್ಗಿರಲಿಲ್ಲ. ಉಳಿದ ನೀರನ್ನೂ ಸುರಿದಳು. ಅವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಆರು ಗಂಟೆಗೆ ಇನ್ನೂ ಬೆಳಕಿತ್ತು. ಬೆಟ್ಟದ ನೆತ್ತಿಯ ಚಪ್ಪಟೆ ಬಂಡೆಯ ಮೇಲೆ ಇಬ್ಬರೂ ಕೂತರು. ಕೆಳಗೆ ಊರುಗಳು, ರಸ್ತೆಗಳು, ಒಂದು ಕೆರೆ. ಇದನ್ನು ನೋಡಬೇಕೆಂದೇ ಚೂಟಿ ಒಂದು ವರ್ಷದಿಂದ ಕನಸು ಕಂಡಿದ್ದಳು. ಈಗ ಅವಳ ಕಣ್ಣು ಡಬ್ಬಿಯ ಮೇಲೆಯೇ ಇತ್ತು.

"ನೀರು ಜಾಸ್ತಿಯಾಗಿದೆ," ಎಂದು ಅತ್ತೆ ಚಮಚದಿಂದ ಕದಡಿದರು. "ಪರವಾಗಿಲ್ಲ, ಹಸಿವಿಗೆ ಗಂಜಿಯೂ ಒಳ್ಳೇದೇ. ಮೆಟ್ಟಿಲ ಮೇಲೆ ಪಾಸಾದ ಊಟ ತಾನೇ."

ಅತ್ತೆ ಚಮಚದ ತುಂಬ ಎತ್ತಿದರು. ಚಮಚದಲ್ಲಿ ಐದಾರು ಬಟಾಣಿ ಇದ್ದವು. ಅವರು ಬಾಯಿ ತೆರೆದರು. ಎಡಗಡೆಯ ಮೂಲೆಯಲ್ಲಿ ಕ್ಯಾಪ್ ಮಿಂಚಿತು.

ಚೂಟಿ ಅತ್ತೆಯ ಮಣಿಕಟ್ಟು ಹಿಡಿದಳು. ಅರ್ಧ ಚಮಚ ಅತ್ತೆಯ ಪ್ಯಾಂಟಿನ ಮೇಲೆ ಚೆಲ್ಲಿತು.

"ತಿನ್ನಬೇಡಿ ಅತ್ತೆ. ಹಲ್ಲು ಹೋಗುತ್ತೆ."

"ಏನು?"

"ಅದು ಬೇಯಿಸಿದ ಬಟಾಣಿ ಅಲ್ಲ."

ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲವೂ ಹೊರಬಂತು. ಬಲೆ, ಬ್ಯಾಟಿಂಗ್, ಚರಂಡಿಗೆ ಬಿದ್ದ ಬಾಲ್, ಪಾರಿವಾಳ, ಅಡುಗೆಮನೆಯ ಡಬ್ಬ, ತಕ್ಕಡಿಯ ಹತ್ತಿರ ಹೇಳಿದ ಸುಳ್ಳು, ಹೊಟ್ಟೆಗೆ ಒತ್ತಿಕೊಂಡ ಡಬ್ಬಿ, ಸುರಿದ ನೀರು. ಹೇಳುತ್ತಾ ಹೇಳುತ್ತಾ ಅಳು ಬಂತು. ಮುಗಿದ ಮೇಲೆ ಅತ್ತೆ ತಮ್ಮ ಬಾಟಲಿಯನ್ನು ಮುಂದೆ ಚಾಚಿದರು.

"ಮೊದಲು ನೀರು ಕುಡಿ. ನಿಧಾನ."

ಚೂಟಿ ಕುಡಿದಳು.

"ಗುರುವಾರ ಹೇಳಿದ್ದರೆ ಐದು ನಿಮಿಷದ ಕೆಲಸ," ಎಂದರು ಅತ್ತೆ. "ಬಟಾಣಿ ಬಿಟ್ಟು ಕ್ಯಾರೆಟ್ ಜಾಸ್ತಿ ಹಾಕ್ತಿದ್ವಿ. ಅಷ್ಟೇ."

"ನನ್ನ ಬಿಟ್ಟು ಬರ್ತೀರ ಅಂತ ಭಯ ಆಯ್ತು."

"ಪಾರಿವಾಳ ತಿಂದಿದ್ದಕ್ಕಾ?"

ಚೂಟಿ ತಲೆಯಾಡಿಸಿದಳು.

"ಪಾರಿವಾಳಕ್ಕೆ ಹಸಿವು, ಅದು ತಿಂತು. ಅದಕ್ಕೆ ನಿನ್ನ ಯಾಕೆ ಬಿಟ್ಟು ಬರಲಿ?" ಅತ್ತೆ ಪ್ಯಾಂಟಿನ ಮೇಲೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. "ತಕ್ಕಡಿ ಹತ್ತಿರ ನಿನ್ನನ್ನ ಕೇಳಿದೆ ನೋಡು. ನೀನು ಹೇಳಿದ ಕೂಡಲೇ ನಂಬಿದೆ. ಅದು ನನಗೆ ಬೇಜಾರು."

ಬೈದಿದ್ದರೆ ಚೂಟಿಗೆ ಇಷ್ಟು ನೋಯುತ್ತಿರಲಿಲ್ಲ.

ಬರುವ ವರ್ಷ ಕರೆದುಕೊಂಡು ಬರುತ್ತೀರಾ ಎಂದು ಕೇಳಬೇಕೆನಿಸಿತು. ಅದರ ಬದಲು ಚಮಚ ಕೈಗೆತ್ತಿಕೊಂಡಳು.

ಇಬ್ಬರೂ ಬಗ್ಗಿ ಕೂತು ಚಮಚದಿಂದ ಬಟಾಣಿ ಹೆಕ್ಕಿದರು. ಬೆಳಕು ಇಳಿಯುತ್ತಿದ್ದಂತೆ ಹೆಕ್ಕುವುದು ಕಷ್ಟವಾಯಿತು. ಮುಚ್ಚಳ ತುಂಬಿತು. ಉಳಿದ ನೂಡಲ್ಸ್ ಅಂಟಿನ ಹಾಗೆ ಆಗಿತ್ತು.

"ಪೋಸ್ಟರ್ ಅಂಟಿಸಬಹುದು," ಎಂದರು ಅತ್ತೆ ನುಂಗಿ.

ಚೂಟಿಗೆ ಅಳುವಿನ ಮಧ್ಯೆಯೇ ನಗು ಬಂತು. ಇಬ್ಬರೂ ತಿಂದು ಮುಗಿಸಿದರು. ಹೊಟ್ಟೆ ಮುಕ್ಕಾಲು ತುಂಬಿತು. ಬೇರೆ ಊಟ ಇರಲಿಲ್ಲ, ಐದನೇ ಪೊಟ್ಟಣ ಬೆಳಿಗ್ಗೆಗೆ ಬೇಕಿತ್ತು.

ಮರುದಿನ ಬಟಾಣಿಯನ್ನು ಚೂಟಿಯೇ ತನ್ನ ಚೀಲದಲ್ಲಿ ಹೊತ್ತಳು. ನೀರು ಕುಡಿದು ಅವು ಎರಡು ಪಟ್ಟು ಭಾರವಾಗಿದ್ದವು. ಗೇಟಿನ ಕಾವಲುಗಾರ ಕಸದ ಕವರ್ ಬಿಚ್ಚಿ ನೋಡಿ ಹುಬ್ಬೇರಿಸಿದ.

"ಇದೇನಿದು? ಬಟಾಣಿಗೂ ಬೆಟ್ಟ ತೋರಿಸ್ಕೊಂಡು ಬಂದ್ರಾ?"

ಅತ್ತೆ ದೂರದ ಬಸ್ ಸ್ಟಾಪಿನ ಕಡೆ ನೋಡುತ್ತಿದ್ದರು.

"ಬೇಯಿಸಿ ಒಣಗಿಸಿದ್ದನ್ನ ಪಾರಿವಾಳ ತಿಂತು," ಎಂದಳು ಚೂಟಿ. "ನಾನು ಯಾರಿಗೂ ಹೇಳದೆ ಬೇಯಿಸದೇ ಇರೋದನ್ನ ಹಾಕಿದೆ. ಅದು ನೆನೀಲೇ ಇಲ್ಲ."

"ಅಷ್ಟೇನಾ?" ಎಂದು ಕಾವಲುಗಾರ ನಕ್ಕು ಕವರ್ ಕಟ್ಟಿಕೊಟ್ಟ. "ನಾನು ಒಂದು ಸಲ ಇಡೀ ಊಟದ ಡಬ್ಬಿನೇ ಮನೇಲಿ ಬಿಟ್ಟು ಡ್ಯೂಟಿಗೆ ಬಂದಿದ್ದೆ."

ಎರಡನೇ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ ಎಂದು ಚೂಟಿಗೆ ಆಶ್ಚರ್ಯವಾಯಿತು.

ಮನೆಗೆ ಬಂದಾಗ ಆ ಬಟಾಣಿ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನು ಹಿತ್ತಲ ಮಣ್ಣಿನಲ್ಲಿ ಹೂತಳು. ಸಂಜೆ ಅತ್ತೆ ನೋಟ್‌ಬುಕ್ ತಂದು ಉಳಿದ ನಾಲ್ಕು ಊಟಗಳ ಬಗ್ಗೆ ನಾಲ್ಕು ಸಾಲು ಬರೆದರು. ಆಮೇಲೆ ಪೆನ್ನನ್ನು ಚೂಟಿಯ ಮುಂದೆ ಇಟ್ಟು ಅಂಗಡಿಯ ಬಾಗಿಲು ತೆರೆಯಲು ಹೋದರು.

ಚೂಟಿ ಮೊದಲು ಹಿಂದಿನ ಪುಟಗಳನ್ನು ತಿರುವಿದಳು. ರುಚಿಯಾದ ಊಟಗಳ ಪಟ್ಟಿ ಇರಬಹುದೆಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅತ್ತೆಯ ದುಂಡು ಅಕ್ಷರದಲ್ಲಿ ಬೇರೆಯೇ ಇತ್ತು. 'ಡಬ್ಬಿ ಸರಿಯಾಗಿ ತೊಳೆದಿರಲಿಲ್ಲ. ಎಲ್ಲದಕ್ಕೂ ಸೋಪಿನ ವಾಸನೆ. ನನ್ನ ತಪ್ಪು.' 'ಉಪ್ಪು ಎರಡು ಸಲ ಹಾಕಿದೆ. ಇಡೀ ರಾತ್ರಿ ಬಾಯಾರಿಕೆ.' 'ಮೆಟ್ಟಿಲ ಟೆಸ್ಟ್ ಮಾಡಲು ಸೋಮಾರಿತನ. ತಿನ್ನಲಾಗಲಿಲ್ಲ. ಉಪವಾಸ.' ಪುಟ ಪುಟವೂ ಹಾಗೆಯೇ.

ಅವಳು ಬಹಳ ಹೊತ್ತು ಓದಿದಳು. ಆಮೇಲೆ ನಾಲ್ಕನೇ ನಂಬರಿನ ಎದುರು ಬರೆದಳು. 'ಬಲೆ ಮುಚ್ಚಲಿಲ್ಲ. ಪಾರಿವಾಳ ತಿಂತು. ಬೇಯಿಸದ ಬಟಾಣಿ ಹಾಕಿ ಅತ್ತೆಗೆ ಸುಳ್ಳು ಹೇಳಿದೆ.' ಬರೆದದ್ದನ್ನು ಮತ್ತೆ ಓದಿ, ಹೊಡೆದು ಹಾಕದೆ ಬಿಟ್ಟಳು.

ಅತ್ತೆ ಅದನ್ನು ಓದಿದರೋ ಇಲ್ಲವೋ ತಿಳಿಯಲಿಲ್ಲ. ಅವರು ಆ ವಿಷಯ ಎತ್ತಲಿಲ್ಲ. ಬರುವ ವರ್ಷದ ಮಾತನ್ನೂ ಎತ್ತಲಿಲ್ಲ.

ಮುಂದಿನ ವಾರ ಚೂಟಿ ಅಮ್ಮನ ಹತ್ತಿರ ಮತ್ತೆ ಬಟಾಣಿ ಬೇಯಿಸಿಕೊಂಡಳು. ಎರಡು ದಿನ ತಾರಸಿಯ ಮೇಲೆ ಬಲೆಯ ಪಕ್ಕದಲ್ಲೇ ಛತ್ರಿ ಹಿಡಿದು ಕೂತಳು. ಬೀದಿಯಿಂದ ಬ್ಯಾಟಿಂಗಿಗೆ ಕರೆದಾಗ ಕಲ್ಲು ಇಟ್ಟದ್ದನ್ನು ನಾಲ್ಕೂ ಮೂಲೆಯಲ್ಲಿ ನೋಡಿ, ಆಮೇಲೆ ಇಳಿದಳು. ಭಾನುವಾರ ಎಲ್ಲವನ್ನೂ ಡಬ್ಬಿಗೆ ಹಾಕಿ, ನೀರು ಸುರಿದು, ಎರಡು ಗಂಟೆ ಕಾದು, ಹಿತ್ತಲ ಮೆಟ್ಟಿಲ ಮೇಲೆ ಕೂತು ತಿನ್ನತೊಡಗಿದಳು.

ಅತ್ತೆ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತರು.

"ಬಟಾಣಿನಾ?"

"ಹೂಂ. ಬೇಯಿಸಿದ್ದು. ಎರಡು ದಿನ ಒಣಗಿಸಿದ್ದು. ನಿಂಬೆರಸ ಮಾತ್ರ ಜಾಸ್ತಿಯಾಗಿದೆ, ಪೂರ್ತಿ ತಿನ್ನೋಕೆ ಆಗುತ್ತೋ ಇಲ್ವೋ."

"ಕೊಡು ಇಲ್ಲಿ."

ಅತ್ತೆ ಚಮಚ ತೆಗೆದುಕೊಂಡು, ತುಂಬಾ ಬಟಾಣಿ ಇರುವ ಕಡೆ ಅದ್ದಿ ಎತ್ತಿದರು. ಮುಚ್ಚಳದಲ್ಲಿ ಹಾಕಿ ಒತ್ತಿ ನೋಡಲಿಲ್ಲ. ಮೊದಲು ಒಂದು ಕಾಳನ್ನು ಕಚ್ಚಿಯೂ ನೋಡಲಿಲ್ಲ. ಸೀದಾ ಬಾಯಿಗಿಟ್ಟುಕೊಂಡು, ಹಿತ್ತಲ ಗೋಡೆಯನ್ನು ನೋಡುತ್ತಾ ಅಗಿಯತೊಡಗಿದರು.

ಚೂಟಿ ಅವರ ಮುಖವನ್ನೇ ನೋಡಿದಳು. ಉಬ್ಬಿದ್ದದ್ದು ಬಲಗೆನ್ನೆಯಲ್ಲ. ಅತ್ತೆ ಎಡಗಡೆಯಿಂದ ಅಗಿಯುತ್ತಿದ್ದರು.

"ನಿಂಬೆರಸ ನಿಜವಾಗ್ಲೂ ಜಾಸ್ತಿ," ಎಂದರು ಅತ್ತೆ. "ಬರ್ಕೋ."

ಚೂಟಿ ನೋಟ್‌ಬುಕ್ ತರಲು ಒಳಗೆ ಓಡಿದಳು.